ಅಪ್‌ಡೇಟ್: ಹಾರುವ ಹಕ್ಕಿಗಳ ಫೋಟೋ ಮಸುಕಾಗುತ್ತಿದ್ದುದಕ್ಕೆ ಕಾರಣ ಸಿಕ್ಕಿತು

400 ಎಂಎಂ ಲೆನ್ಸಿನಲ್ಲಿ (ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್) ಹಾರುವ ಹಕ್ಕಿಗಳೆಲ್ಲ ಮಸುಕು, ಆಕಾಶದೆದುರು ಬರೀ ಕಪ್ಪು, ಯಾಕೆ ಎಂದು ಹಿಂದೆ ಇಲ್ಲಿ ಪ್ರಶ್ನೆ ಹಾಕಿದ್ದೆ. ಮುಖ್ಯ ತಪ್ಪು ಶಟರ್ ವೇಗದ್ದು, ಅಂದರೆ ಬೆಳಕು ಒಳಬರಲು ಶಟರ್ ತೆರೆದಿರುವ ಹೊತ್ತಿನದು: 1/500 ಸೆಕೆಂಡ್ ಕೂತ ಹಕ್ಕಿಗೆ ಸಾಕು, ರೆಕ್ಕೆ ಬಡಿತಕ್ಕೆ ಸಾಲದು. ಈಗ ಮ್ಯಾನ್ಯುವಲ್ ಮೋಡ್ (ಶಟರ್, ಅಪರ್ಚರ್ ನಾವೇ ಇಡುವುದು), 1/2500 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಎಫ್ 6.3, ಆಟೋ ಐಎಸ್‌ಒ (ಬೆಳಕಿಗೆ ಸಂವೇದನೆಯನ್ನು ಕ್ಯಾಮೆರಾವೇ ಹೊಂದಿಸುವುದು), ಫೋಕಸ್ ಚಲಿಸುವ ಹಕ್ಕಿಯನ್ನು ಹಿಂಬಾಲಿಸುವ ನಿರಂತರ ಮೋಡಿನಲ್ಲಿ. ಬಿಳಿ ಆಕಾಶವಿದ್ದರೆ ಹಕ್ಕಿ ಕಪ್ಪಾಗದಂತೆ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಕ್ಯಾಮೆರಾ ಅಳೆದದ್ದಕ್ಕಿಂತ ಚಿತ್ರವನ್ನು ಬೆಳಗಿಸುವ ಇಲ್ಲವೇ ಕಪ್ಪಾಗಿಸುವ ಹೊಂದಿಕೆ) +1ರಿಂದ +1.7. ಬೆಳ್ಳಕ್ಕಿಗೆ ಮಾತ್ರ ಉಲ್ಟಾ: ಕಡುಬಣ್ಣದ ಹಿನ್ನೆಲೆಯಲ್ಲಿ −1 ಇಡದಿದ್ದರೆ ಗರಿಯ ವಿವರ ಸುಟ್ಟುಹೋಗುತ್ತದೆ, ಆಮೇಲೆ ಎಡಿಟಿಂಗ್‌ನಲ್ಲೂ ಮರಳಿ ಬರದು.

ಇಷ್ಟಾದರೂ ಮಧ್ಯಾಹ್ನ ಕೆರೆಯಾಚೆಯ ಬಾತುಗಳು ಮಸುಕೇ. ಅದು ಬಿಸಿಗಾಳಿಯ ನಡುಕ, ಯಾವ ಲೆನ್ಸೂ ಸರಿಮಾಡದು. ಬೆಳಗಿನ ಹೊತ್ತೇ ಗತಿ. ನೀವು ಹಿಂದೆ ನೋಡಿರದ ಪ್ರಭೇದವೆನಿಸಿದರೆ, ಗುರುತು ಹಿಡಿಯಲು ನೆರವಾಗುವ ರೆಕ್ಕೆಯ ಕೆಳಭಾಗ, ಬಾಲದ ಅಂಚು ಕಾಣುವ ಫ್ರೇಮನ್ನು, ಚಂದವಿಲ್ಲದಿದ್ದರೂ, ದಯವಿಟ್ಟು ಅಳಿಸಬೇಡಿ.