ಡಿವಿಷನ್ 3 ಅಂದ್ರೆ ಮೂರನೇ ದರ್ಜೆನಾ?

ಈಜುಗಾತಿಯ ಅಪ್ಪ:

ಮಗಳು ಇಲ್ಲಿ ಅಮೆರಿಕದಲ್ಲಿ ಹೈಸ್ಕೂಲ್ ಜೂನಿಯರ್, ಅಂದ್ರೆ ಹನ್ನೊಂದನೇ ಕ್ಲಾಸು. ಬಟರ್‌ಫ್ಲೈ ಈಜುತ್ತಾಳೆ. ಕಾಲೇಜು ಕೋಚ್‌ಗಳಿಂದ ಇಮೇಲ್ ಬರಲು ಶುರುವಾಗಿದೆ. ಒಂದು ಡಿವಿಷನ್ 1, ಒಂದು ಡಿವಿಷನ್ 2, ಎರಡು ಡಿವಿಷನ್ 3. ಮೂರು ಅಂತ ಕಂಡ ಕೂಡಲೇ ನಾನು "ಇವೆರಡು ಬಿಟ್ಟಾಕು" ಅಂದೆ. ಅವಳಿಗೆ ಇಷ್ಟವಾಗಿದ್ದು ಅವುಗಳಲ್ಲೇ ಒಂದಂತೆ. ಎರಡು ದಿನದಿಂದ ಮಾತಿಲ್ಲ.

ಈ ಡಿವಿಷನ್ ಯಾರು ಹಾಕೋದು? ಗೆದ್ದವರು ಮೇಲೆ, ಸೋತವರು ಕೆಳಗೆ ಅಂತಾನಾ?

ಕಾಮತ್:

ಮಕ್ಕಳ ಸಂಖ್ಯೆ ನೋಡಿ ಹಾಕುತ್ತಾರೆ. ದೊಡ್ಡ ಕಾಲೇಜು 1, ಸಣ್ಣದು 3. ನಮ್ಮ ಹೈಸ್ಕೂಲಲ್ಲೂ ಹಾಗೇ.

ಸ್ಟಾಪ್‌ವಾಚ್ ಅಮ್ಮ:

ಹೈಸ್ಕೂಲಿಗೆ ಅದು ಬಹುಮಟ್ಟಿಗೆ ಸರಿ ಕಾಮತರೇ, ಕಾಲೇಜಿಗೆ ಅಲ್ಲ. ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ 50,000ಕ್ಕೂ ಜಾಸ್ತಿ ವಿದ್ಯಾರ್ಥಿಗಳಿದ್ದಾರೆ. ಅದು ಡಿವಿಷನ್ 3.

ನನ್ನ ಮಗ ನಾಲ್ಕು ವರ್ಷ ಡಿವಿಷನ್ 3ರಲ್ಲಿ ಈಜಿದ. ನಾನು ಕೊಳದ ಪಕ್ಕ ಸ್ಟಾಪ್‌ವಾಚ್ ಹಿಡಿದು ಸಾಕಷ್ಟು ಒದ್ದೆಯಾಗಿದ್ದೇನೆ. ಅಲ್ಲಿ ಗೊತ್ತಾಗಿದ್ದು ಇದು: ಡಿವಿಷನ್ ಯಾರೂ ಹಾಕುವುದಿಲ್ಲ, ಕಾಲೇಜೇ ಆರಿಸಿಕೊಳ್ಳುತ್ತದೆ. ಆರಿಸಿಕೊಂಡ ಮೇಲೆ ಎನ್‌ಸಿಎಎ (ಇಲ್ಲಿನ ಕಾಲೇಜು ಆಟಗಳನ್ನು ನೋಡಿಕೊಳ್ಳುವ ಸಂಸ್ಥೆ) ಇಟ್ಟ ಷರತ್ತಿಗೆ ತಕ್ಕ ಹಾಗೆ ಖರ್ಚು ಮಾಡಬೇಕು. 1973ರಲ್ಲಿ ಈ ಮೂರು ಭಾಗ ಮಾಡಿದರು. ಡಿವಿಷನ್ 1 ಬೇಕಾದರೆ ಕನಿಷ್ಠ 14 ತಂಡ ನಡೆಸಬೇಕು, ಸ್ಕಾಲರ್‌ಶಿಪ್‌ಗೆ ಇಂತಿಷ್ಟು ಅಂತ ಹಣ ಎತ್ತಿಡಬೇಕು. ಡಿವಿಷನ್ 2ಕ್ಕೆ 10 ತಂಡ ಸಾಕು, ಸ್ಕಾಲರ್‌ಶಿಪ್ ಕಡಿಮೆ. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಒಂದು ಡಾಲರೂ ಕೊಡುವ ಹಾಗಿಲ್ಲ. ಅಷ್ಟೇ ವ್ಯತ್ಯಾಸ. ಅಷ್ಟೇ ಅಂದೆ, ಆದರೆ ಫೀಸ್ ಕಟ್ಟುವವರಿಗೆ ಅದೇ ದೊಡ್ಡದು ಬಿಡಿ.

ಗೆಲುವಿಗೂ ಇದಕ್ಕೂ ಸಂಬಂಧವೇ ಇಲ್ಲ. ಒಹಾಯೋದ ಕೆನ್ಯನ್ ಕಾಲೇಜು ನೋಡಿ. ವಿದ್ಯಾರ್ಥಿಗಳು 2,000 ಕೂಡ ಇಲ್ಲ. ಅವರ ಹುಡುಗರ ಈಜು ತಂಡ 1980ರಿಂದ 2010ರವರೆಗೆ ಒಂದು ವರ್ಷವೂ ಬಿಡದೆ 31 ಸಲ ಡಿವಿಷನ್ 3 ಚಾಂಪಿಯನ್. ಯಾರಾದರೂ ಮೇಲಕ್ಕೆ ಹತ್ತಿಸಿದರಾ? ಇಲ್ಲ, ಅವರೂ ಕೇಳಲಿಲ್ಲ. 2011ರಲ್ಲಿ ಪಕ್ಕದ ಡೆನಿಸನ್ ಯೂನಿವರ್ಸಿಟಿ ಒಂದೇ ಒಂದು ಪಾಯಿಂಟಿನಿಂದ ಆ ಸರಪಳಿ ಮುರಿಯಿತು. ಈಜುವವರ ಅಪ್ಪ ಅಮ್ಮಂದಿರು ಇದನ್ನು ಈಗಲೂ ಮಾತಾಡಿಕೊಳ್ಳುತ್ತಾರೆ.

ಉಲ್ಟಾ ಕೂಡ ಇದೆ. ಹಾರ್ಟ್‌ಫರ್ಡ್ ಯೂನಿವರ್ಸಿಟಿಯ ಬಾಸ್ಕೆಟ್‌ಬಾಲ್ ಹುಡುಗರು 2021ರ ಮಾರ್ಚ್‌ನಲ್ಲಿ ಮೊಟ್ಟಮೊದಲ ಸಲ ಡಿವಿಷನ್ 1ರ ರಾಷ್ಟ್ರೀಯ ಟೂರ್ನಿಗೆ ಹೋದರು. ಮೇ ತಿಂಗಳಲ್ಲಿ ಆಡಳಿತ ಮಂಡಳಿ ಏನು ತೀರ್ಮಾನ ಮಾಡಿತು ಗೊತ್ತಾ? ಡಿವಿಷನ್ 3ಕ್ಕೆ ಇಳಿಯೋಣ ಅಂತ! ಪಾಪ, ಆ ಹುಡುಗರು.

ಕಾಮತ್:

ಸರಿ, ತಪ್ಪೊಪ್ಪಿಕೊಂಡೆ. ಆದರೆ ಮಿನ್ನೆಸೋಟಾದ ಸೇಂಟ್ ಥಾಮಸ್ ಯೂನಿವರ್ಸಿಟಿ 3ರಿಂದ ಸೀದಾ 1ಕ್ಕೆ ಹೋಯಿತಲ್ಲ? ಗೆದ್ದಿದ್ದಕ್ಕೇ ಅಲ್ವಾ?

ಸ್ಟಾಪ್‌ವಾಚ್ ಅಮ್ಮ:

ಒಂಥರಾ ಹೌದು. ಅವರ ಗೆಲುವು ತಡೆಯಲಾರದೆ 2019ರಲ್ಲಿ ಅವರದೇ ಕಾನ್ಫರೆನ್ಸ್, ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು, ಹೊರಗೆ ಕಳಿಸಿತು. ಆಮೇಲೆ ಡಿವಿಷನ್ 1 ಬೇಕು ಅಂತ ಅರ್ಜಿ ಹಾಕಿದ್ದು ಕಾಲೇಜೇ. ಎನ್‌ಸಿಎಎ ವಿಶೇಷ ಅನುಮತಿ ಕೊಟ್ಟ ಮೇಲೆ 2021ರಲ್ಲಿ ಹೋದರು. ಬಡ್ತಿ ಸಿಕ್ಕಿದ್ದಲ್ಲ, ಮನೆ ಬಿಡಿಸಿದಾಗ ದೊಡ್ಡ ಮನೆ ಹಿಡಿದ ಹಾಗೆ.

ಈಜುಗಾತಿಯ ಅಪ್ಪ:

ಮೇಡಂ, ದುಡ್ಡಿನ ಮಾತೇ ಕೇಳುತ್ತೇನೆ. ಡಿವಿಷನ್ 2ರ ಕೋಚ್ "ಸ್ಕಾಲರ್‌ಶಿಪ್ ಇದೆ" ಅಂದಿದ್ದಾರೆ. 3ರವರು ಆ ಪದವನ್ನೇ ಎತ್ತಿಲ್ಲ.

ಸ್ಟಾಪ್‌ವಾಚ್ ಅಮ್ಮ:

"ಎಷ್ಟು" ಅಂತ ಕೇಳಿ. ಡಿವಿಷನ್ 2ರಲ್ಲಿ ಹುಡುಗಿಯರ ಈಜು ತಂಡ ಪೂರ್ತಿಗೆ ಹೆಚ್ಚೆಂದರೆ 8.1 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಹಣ. ಹೌದು, ಪಾಯಿಂಟ್ ಒಂದು! ಇಪ್ಪತ್ತೈದು ಹುಡುಗಿಯರಿಗೆ ಹಂಚಿದರೆ ಎಷ್ಟು ಬರುತ್ತೆ ಲೆಕ್ಕ ಹಾಕಿ. ಅಷ್ಟನ್ನೂ ಕೊಡಲೇಬೇಕು ಅಂತೇನಿಲ್ಲ. 3ರವರು ಆಟಕ್ಕೆ ಕೊಡುವುದಿಲ್ಲ, ಆದರೆ ಓದಿಗೆ, ಮನೆಯ ಆದಾಯ ನೋಡಿ ಸಹಾಯ ಕೊಡಬಹುದು. ನನ್ನ ಮಗನಿಗೆ ಸಿಕ್ಕಿದ್ದು ಅದೇ. ಡಿವಿಷನ್ 2ರಿಂದ ಬಂದಿದ್ದ ಮೊತ್ತಕ್ಕಿಂತ ಜಾಸ್ತಿಯೇ ಇತ್ತು.

ಇನ್ನೊಂದು ಕೆಲಸ ಮಾಡಿ. ನಾಲ್ಕೂ ತಂಡದ ಹುಡುಗಿಯರ ಟೈಮ್ ಅವರವರ ವೆಬ್‌ಸೈಟ್‌ನಲ್ಲಿರುತ್ತದೆ. ಮಗಳ ಟೈಮ್ ಪಕ್ಕಕ್ಕಿಟ್ಟು ನೋಡಿ.

ಈಜುಗಾತಿಯ ಅಪ್ಪ:

ನೋಡಿದೆ. 200 ಬಟರ್‌ಫ್ಲೈನಲ್ಲಿ ಡಿವಿಷನ್ 2 ತಂಡದಲ್ಲಿ ನನ್ನ ಮಗಳಿಗಿಂತ ಜೋರಾಗಿ ಈಜುವವರು ಒಬ್ಬರೂ ಇಲ್ಲ. ಅವಳು ಇಷ್ಟಪಟ್ಟ ಆ "ಮೂರನೇ ದರ್ಜೆ"ಯಲ್ಲಿ ಮೂವರಿದ್ದಾರೆ. ಒಬ್ಬಳಂತೂ ಅವಳಿಗಿಂತ ನಾಲ್ಕು ಸೆಕೆಂಡ್ ಮುಂದೆ.

ಅವಳಿಗೆ ಹೇಳಿದರೆ, "ಅದಕ್ಕೇ ಅಲ್ವಾಪ್ಪಾ ನಾನು ಅಲ್ಲಿಗೆ ಹೋಗ್ಬೇಕು ಅಂದಿದ್ದು" ಅಂದಳು. ಮಾತಂತೂ ಶುರುವಾಯಿತು.