ಸಂಗೀತ ಕಾರ್ಯಕ್ರಮದ ವರದಿಯಲ್ಲಿ ನುಡಿಸಿದವರ ಹೆಸರೇ ಇರುವುದಿಲ್ಲ: ಹೊಸದಾಗಿ ಬರೆಯುವವರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಪತ್ರಿಕೋದ್ಯಮ ವಿದ್ಯಾರ್ಥಿನಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದು, ಬಿಡುವಿನ ವೇಳೆಯಲ್ಲಿ ಸ್ಥಳೀಯ ದಿನಪತ್ರಿಕೆಯೊಂದಕ್ಕೆ ಸಾಂಸ್ಕೃತಿಕ ಕಾರ್ಯಕ್ರಮಗಳ ವರದಿ ಬರೆದುಕೊಡುತ್ತಿದ್ದೇನೆ. ಜನರ ಎದುರು ವೇದಿಕೆಯ ಮೇಲೆ ನಡೆಯುವ ಸಂಗೀತವನ್ನು ಕುರಿತು ಬರೆಯುವುದನ್ನೇ ಮುಂದೆ ವೃತ್ತಿಯಾಗಿ ಮಾಡಿಕೊಳ್ಳಬೇಕೆಂದು ನಿಶ್ಚಯಿಸಿದ್ದೇನೆ. ಶಾಸ್ತ್ರೀಯ ಸಂಗೀತದ ಕಛೇರಿಗಳನ್ನು ವಿಮರ್ಶಿಸುವುದಕ್ಕೆ ಕನ್ನಡದಲ್ಲಿ ಒಂದು ಪರಂಪರೆ ಇದೆ. ಆದರೆ ರಸಮಂಜರಿ, ಜನಪದ ಮೇಳ ಮತ್ತು ಬೆಂಗಳೂರಿನ ಬ್ಯಾಂಡ್‌ಗಳ ಬಗ್ಗೆ ಹೇಗೆ ಬರೆಯಬೇಕೆಂಬುದಕ್ಕೆ ನನಗೆ ಮಾದರಿಗಳು ಸಿಗುತ್ತಿಲ್ಲ.

ನನ್ನ ತೊಡಕನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಕಳೆದ ರಾಜ್ಯೋತ್ಸವದ ಒಂದು ಕಾರ್ಯಕ್ರಮದಲ್ಲಿ ರಿದಂ ಪ್ಯಾಡ್ ನುಡಿಸುತ್ತಿದ್ದ ಹುಡುಗನೊಬ್ಬ ಸಿನಿಮಾ ಹಾಡಿನ ನಡುವೆ ನಮ್ಮ ಕಡೆಯ ಜನಪದ ಕಲೆಯಾದ ಸೋಮನ ಕುಣಿತದ ಅರೆ ಎಂಬ ಚರ್ಮವಾದ್ಯದ ಪೆಟ್ಟನ್ನು ತಂದಾಗ, ಅದುವರೆಗೆ ಸುಮ್ಮನೆ ಕುಳಿತಿದ್ದ ಹಿಂದಿನ ಸಾಲುಗಳ ಹಿರಿಯರು ಎದ್ದು ಹೆಜ್ಜೆ ಹಾಕತೊಡಗಿದರು. ನಾನು ಬರೆದುಕೊಟ್ಟ ವರದಿಯ ಜೀವಾಳ ಅದೇ ಆಗಿತ್ತು. ಮರುದಿನ ಅಚ್ಚಾದದ್ದು ದೀಪ ಬೆಳಗಿದ ಗಣ್ಯರ ಪಟ್ಟಿ, ಅವರ ಭಾಷಣದ ಸಾರಾಂಶ ಮತ್ತು ರಸಮಂಜರಿ ಕಾರ್ಯಕ್ರಮವು ಜನಮನ ಸೂರೆಗೊಂಡಿತು ಎಂಬ ಒಂದು ಸಾಲು. ಇದನ್ನು ಬದಲಿಸಲು ವರದಿಗಾರ್ತಿಯಾದವಳು ಏನು ಮಾಡಬಹುದು?

ಜೊತೆಗೆ, ಬೆಂಗಳೂರಿನ ಬ್ಯಾಂಡ್‌ಗಳನ್ನು ಭೇಟಿಯಾಗಿ ಬರೆಯಲು ಇಲ್ಲಿಂದ ಎಪ್ಪತ್ತು ಕಿಲೋಮೀಟರ್ ಹೋಗಿ ರಾತ್ರಿ ಹಿಂದಿರುಗಬೇಕು. ಪರಿಚಯವಿಲ್ಲದ ಕಲಾವಿದರನ್ನು ಯಾವಾಗ, ಹೇಗೆ ಮಾತನಾಡಿಸಬೇಕು? ಅವರು ಕೊಡುವ ಪಾಸ್, ಊಟ, ಸ್ನೇಹ ಇವುಗಳನ್ನು ಎಷ್ಟರಮಟ್ಟಿಗೆ ಸ್ವೀಕರಿಸಬಹುದು? ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ಉಪಸಂಪಾದಕ, ಕೋಲಾರ

ಅಮ್ಮಾ, ನಿಮ್ಮ ಪ್ರಶ್ನೆಯ ಮೊದಲ ಭಾಗವೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ನುಡಿಸಿದವರ ಹೆಸರಿಲ್ಲದ ಸಂಗೀತ ವರದಿ ವರದಿಯೇ ಅಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಹಾಡಿದವರ ಹೆಸರು ಕೆಲವೊಮ್ಮೆಯಾದರೂ ಬರುತ್ತದೆ; ಪ್ಯಾಡ್, ಕೀಬೋರ್ಡ್, ಡೋಲಕ್ ಮತ್ತು ಕೊಳಲಿನವರ ಹೆಸರು ಬರುವುದೇ ಇಲ್ಲ. ಆದ್ದರಿಂದ ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಹೋಗಿ, ವೇದಿಕೆಯಲ್ಲಿರುವ ಪ್ರತಿಯೊಬ್ಬರ ಹೆಸರು, ಊರು ಮತ್ತು ವಾದ್ಯವನ್ನು ಅವರಿಂದಲೇ ಕೇಳಿ ಬರೆದುಕೊಳ್ಳಿ. ಆಮಂತ್ರಣ ಪತ್ರಿಕೆಯನ್ನು ನಂಬಬೇಡಿ. ಅದರಲ್ಲಿ ಅಚ್ಚಾದ ವಾದಕರು ಬಾರದೆ ಬೇರೆಯವರು ಬಂದಿರುವುದು ಸಾಮಾನ್ಯ ಸಂಗತಿ.

ಬೇಗನೆ ಹೋಗುವುದರಿಂದ ಇನ್ನೊಂದು ಲಾಭವಿದೆ. ನಮ್ಮ ಕಡೆ ತಮಟೆಯ ತಂಡವಿದ್ದರೆ ವೇದಿಕೆಯ ಹಿಂಭಾಗಕ್ಕೆ ಹೋಗಿ ನೋಡಿ. ಒಣಹುಲ್ಲು, ರಟ್ಟು, ತೆಂಗಿನ ಗರಿ ಹೀಗೆ ಸಿಕ್ಕಿದ್ದನ್ನು ಕೂಡಿಸಿ ಬೆಂಕಿ ಹಾಕಿ, ತಮಟೆಯನ್ನು ಅದರ ಮೇಲೆ ಹಿಡಿದು ನಿಧಾನವಾಗಿ ತಿರುಗಿಸುತ್ತಾ ಚರ್ಮವನ್ನು ಕಾಯಿಸುತ್ತಾರೆ. ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಮಂಕಾಗಿದ್ದ ನಾದವು ಬಿಗಿಯಾಗಿ ಮೇಲೇರುವವರೆಗೂ ಕೈಬಿಡುವುದಿಲ್ಲ. ಮಾಗಿಯ ಇಬ್ಬನಿಯಲ್ಲಿ ಹಾಗೆ ಕಾಯಿಸಿದ ಚರ್ಮವು ಬಹಳ ಹೊತ್ತು ಬಿಗಿಯಾಗಿ ನಿಲ್ಲುವುದಿಲ್ಲ. ಸಭಾ ಕಾರ್ಯಕ್ರಮದ ಭಾಷಣಗಳು ಮುಕ್ಕಾಲು ಗಂಟೆ ಎಳೆದರೆ ತಮಟೆ ಸಡಿಲಗೊಂಡು, ಕಲಾವಿದರು ಮತ್ತೆ ಬೆಂಕಿಯ ಬಳಿಗೆ ಓಡಬೇಕಾಗುತ್ತದೆ, ಇಲ್ಲವೇ ಮಂಕು ನಾದದಲ್ಲೇ ಆರಂಭಿಸಬೇಕಾಗುತ್ತದೆ. ಭಾಷಣ ಮಾಡಿದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಆ ಭಾಷಣ ತಮಟೆಗೆ ಏನು ಮಾಡಿತೆಂಬುದು ಬರುವುದಿಲ್ಲ. ಅದನ್ನು ನೀವು ಬರೆಯಿರಿ. ನೇರ ಸಂಗೀತದ ವರದಿಗೂ ಧ್ವನಿಮುದ್ರಣದ ವಿಮರ್ಶೆಗೂ ಇರುವ ವ್ಯತ್ಯಾಸವೇ ಇಂತಹ ಸಂಗತಿಗಳಲ್ಲಿದೆ.

ಕೇಳುವ ಅಭ್ಯಾಸಕ್ಕೆ ನೀವು ಬೆಂಗಳೂರಿಗೇ ಹೋಗಬೇಕಾಗಿಲ್ಲ. ತುಮಕೂರಿನಲ್ಲಿ ಸೋಮನ ಕುಣಿತವೂ ಅರೆವಾದ್ಯವೂ ಇವೆ. ಕೋಲಾರದ ಬೆಟ್ಟದ ಮೇಲೆ, ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಅವರ ಗೆಳೆಯರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರವು ಹುಣ್ಣಿಮೆಯ ರಾತ್ರಿಗಳಲ್ಲಿ ‘ಹುಣ್ಣಿಮೆ ಹಾಡು’ ನಡೆಸಿಕೊಂಡು ಬಂದಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ದೊರೆತಾಗ ಎಲ್ಲ ಪತ್ರಿಕೆಗಳೂ ಪ್ರಶಸ್ತಿಯ ಸುದ್ದಿಯನ್ನು ಪ್ರಕಟಿಸಿದವು. ಅವರ ಕೈಪೆಟ್ಟಿನ ವೈಶಿಷ್ಟ್ಯವೇನು, ಅವರಿಂದ ಕಲಿತವರು ಈಗ ಹೇಗೆ ನುಡಿಸುತ್ತಿದ್ದಾರೆ ಎಂಬುದನ್ನು ವಿಸ್ತಾರವಾಗಿ ಬರೆಯುವ ಕೆಲಸ ನಿಮ್ಮಂತಹ ಯುವ ಪತ್ರಕರ್ತರಿಗೆ ಸೇರಿದ್ದು.

ಗುರುಪೂರ್ಣಿಮೆಯ ಸಮಯದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೈವಾರಕ್ಕೆ ತಪ್ಪದೆ ಹೋಗಿ ಬನ್ನಿ. ಅಲ್ಲಿ 72 ಗಂಟೆಗಳ ಕಾಲ, ಹಗಲಿರುಳೆನ್ನದೆ ಸಂಗೀತೋತ್ಸವ ನಡೆಯುತ್ತದೆ. ಹೆಸರಾಂತ ವಿದ್ವಾಂಸರೂ ಹಳ್ಳಿಯ ಭಜನಾ ಮಂಡಳಿಗಳೂ ಒಂದೇ ವೇದಿಕೆಗೆ ಬರುತ್ತಾರೆ. ಕೈವಾರದ ಸಂತಕವಿ ಯೋಗಿನಾರೇಯಣರ ಒಂದೇ ಕೀರ್ತನೆಯನ್ನು ಸಂಜೆ ವಿದ್ವಾಂಸರೊಬ್ಬರಿಂದಲೂ ನಡುರಾತ್ರಿಯ ನಂತರ ಭಜನೆಯವರಿಂದಲೂ ಕೇಳಿ, ಎರಡರಲ್ಲಿ ಲಯ ಎಲ್ಲಿ ಬದಲಾಯಿತು, ಯಾವ ಸಾಲನ್ನು ಯಾರು ಮತ್ತೆ ಮತ್ತೆ ಹಾಡಿದರು ಎಂದು ಗುರುತು ಹಾಕಿಕೊಳ್ಳಿ. ತರಗತಿಯಲ್ಲಿ ಇಂತಹ ಪಾಠ ಸಿಗುವುದು ಕಷ್ಟ.

ಉತ್ತರ 2: ಆರ್ಕೆಸ್ಟ್ರಾ ಕೀಬೋರ್ಡ್ ವಾದಕ, ಚಿಂತಾಮಣಿ

ಮೇಡಂ, ವೇದಿಕೆಯ ಮೇಲಿರುವವರ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಗಣೇಶನ ಹಬ್ಬದಿಂದ ನವೆಂಬರ್ ಕೊನೆಯವರೆಗೆ ನಮಗೆ ಬಿಡುವಿಲ್ಲದ ಕಾಲ. ಈ ದಿನಗಳಲ್ಲಿ ಯಾವ ಊರಿಗೆ ಹೋದರೂ ಪತ್ರಕರ್ತರು ನಮ್ಮನ್ನು ಮಾತನಾಡಿಸುವುದು ಅಪರೂಪ; ಮಾತನಾಡಿಸಿದರೆ ನಮಗೆ ಬಹಳ ಸಂತೋಷವಾಗುತ್ತದೆ. ಆದರೆ ಕಾರ್ಯಕ್ರಮ ಆರಂಭವಾಗಲು ಹತ್ತು ನಿಮಿಷವಿದ್ದಾಗ ಬರಬೇಡಿ. ಆ ಹೊತ್ತಿನಲ್ಲಿ ಕೇಬಲ್ಲಿನ ಸದ್ದು, ಹಾಡುಗಳ ಪಟ್ಟಿಯ ಬದಲಾವಣೆ, ಗಾಯಕರ ಶ್ರುತಿ ಹೀಗೆ ತಲೆತುಂಬ ಚಿಂತೆಗಳಿರುತ್ತವೆ. ಸೌಂಡ್ ಚೆಕ್ (ಕಾರ್ಯಕ್ರಮಕ್ಕೆ ಮೊದಲು ಮೈಕು, ವಾದ್ಯಗಳ ಸದ್ದನ್ನು ಸರಿಹೊಂದಿಸಿ ನೋಡುವುದು) ಮುಗಿದ ಮೇಲಿನ ಬಿಡುವು ಅಥವಾ ಕಾರ್ಯಕ್ರಮ ಮುಗಿದು ವೈರ್ ಸುತ್ತಿ ಊಟಕ್ಕೆ ಕುಳಿತ ಸಮಯ ಮಾತಿಗೆ ಸೂಕ್ತ.

ಸೌಂಡ್ ಚೆಕ್ಕನ್ನು ಪೂರ್ತಿಯಾಗಿ ಕೇಳಿ ಎಂದು ವಿಶೇಷವಾಗಿ ಹೇಳುತ್ತೇನೆ. ಗಾಯಕರು ತಮಗೆ ಕೇಳಲೆಂದು ವೇದಿಕೆಯ ಮೇಲಿಟ್ಟ ಸ್ಪೀಕರ್, ಅಂದರೆ ಮಾನಿಟರ್‌ನಲ್ಲಿ ಏನು ಹೆಚ್ಚು ಬೇಕೆಂದು ಕೇಳುತ್ತಾರೆ, ಯಾವ ಹಾಡಿನ ಯಾವ ಭಾಗವನ್ನು ಎರಡನೆಯ ಸಲ ನುಡಿಸಿ ನೋಡುತ್ತಾರೆ ಎಂಬುದನ್ನು ಗಮನಿಸಿದರೆ, ಆ ತಂಡಕ್ಕೆ ಯಾವುದು ಕಷ್ಟ, ಯಾವುದು ಸಲೀಸು ಎಂಬುದು ತಿಳಿದುಹೋಗುತ್ತದೆ. ಈಗೀಗ ಅನೇಕ ಕಾರ್ಯಕ್ರಮಗಳಲ್ಲಿ ಹಿನ್ನೆಲೆಯ ಅರ್ಧದಷ್ಟು ಭಾಗವು ಮೊದಲೇ ಧ್ವನಿಮುದ್ರಿಸಿಟ್ಟ ಲ್ಯಾಪ್‌ಟಾಪ್‌ನ ಟ್ರ್ಯಾಕ್‌ನಿಂದ ಬರುತ್ತದೆ. ಯಾವುದನ್ನು ಕೈಯಿಂದ ನುಡಿಸಿದರು, ಯಾವುದು ಟ್ರ್ಯಾಕ್ ಎಂಬುದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಟ್ರ್ಯಾಕ್ ಬಳಸುವುದು ಅಪರಾಧವಲ್ಲ, ಆಯೋಜಕರು ಕೊಡುವ ಹಣಕ್ಕೆ ಇಷ್ಟೇ ಜನ ವಾದಕರನ್ನು ಕರೆತರಲು ಸಾಧ್ಯವಾಗುತ್ತದೆ. ಆದರೆ ಹತ್ತು ವಾದಕರೊಂದಿಗೆ ನುಡಿಸಿದ ತಂಡಕ್ಕೂ ಟ್ರ್ಯಾಕ್ ಹಾಕಿ ಹಾಡಿದ ತಂಡಕ್ಕೂ ಒಂದೇ ಹೊಗಳಿಕೆ ದೊರೆತರೆ, ವಾದಕರನ್ನು ಉಳಿಸಿಕೊಂಡ ತಂಡಕ್ಕೆ ಅನ್ಯಾಯವಾಗುತ್ತದೆ.

ಪತ್ರಕರ್ತರಿಗೆಂದು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿರುತ್ತಾರೆ. ಅಲ್ಲಿ ಕುಳಿತರೆ ವೇದಿಕೆಯ ಮಾನಿಟರ್ ಮತ್ತು ಡ್ರಮ್ಸ್ ಸದ್ದೇ ಹೆಚ್ಚಾಗಿ ಕೇಳುತ್ತದೆ. ಇಡೀ ಸಭೆಗೆ ಏನು ಕೇಳುತ್ತಿದೆಯೆಂದು ಗೊತ್ತಾಗುವುದಿಲ್ಲ. ಮಿಕ್ಸರ್ ಇಟ್ಟಿರುವ ಕಡೆ, ಸೌಂಡ್‌ನವರ ಪಕ್ಕದಲ್ಲಿ ನಿಂತು ಕೇಳುವುದು ಉತ್ತಮ. ಹಾಗೆಯೇ ಮೊಬೈಲಿನಲ್ಲಿ ಇಡೀ ಹಾಡನ್ನು ಚಿತ್ರೀಕರಿಸಿ ಹಾಕುವ ಮೊದಲು ದಯವಿಟ್ಟು ನಮ್ಮ ಒಪ್ಪಿಗೆ ಕೇಳಿ. ಹಕ್ಕುಸ್ವಾಮ್ಯ ಕಾಯ್ದೆಯ 38ನೆಯ ಕಲಮು ಪ್ರದರ್ಶಕರಿಗೂ ಹಕ್ಕು ಕೊಟ್ಟಿದೆ. ಸುದ್ದಿಗಾಗಿ ಅಥವಾ ವಿಮರ್ಶೆಗಾಗಿ ಚಿಕ್ಕ ತುಣುಕನ್ನು ಬಳಸಲು 39ನೆಯ ಕಲಮಿನಲ್ಲಿ ಅವಕಾಶವಿದೆ. ಇಡೀ ಕಾರ್ಯಕ್ರಮವನ್ನು ಹಾಕಲು ಇಲ್ಲ.

ಉತ್ತರ 3: ಬೆಂಗಳೂರಿನಲ್ಲಿ ಬರೆಯುತ್ತಿರುವವಳು, ಊರು ಚಿಕ್ಕಬಳ್ಳಾಪುರ

ಮೇಲಿನ ಇಬ್ಬರ ಮಾತುಗಳನ್ನೂ ಒಪ್ಪುತ್ತೇನೆ, ಒಂದನ್ನು ಬಿಟ್ಟು. ಕಾರ್ಯಕ್ರಮಕ್ಕೆ ಮೊದಲು ಕಲಾವಿದರಿಂದ ಹೆಸರು ಮತ್ತು ವಾದ್ಯದ ವಿವರಗಳನ್ನಷ್ಟೇ ಪಡೆದು, ದೀರ್ಘವಾದ ಮಾತುಕತೆಯನ್ನು ವಿಮರ್ಶೆ ಬರೆದು ಕಳುಹಿಸಿದ ನಂತರಕ್ಕೆ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಒಟ್ಟಿಗೆ ಕುಳಿತು ಉಂಡು, ಅವರ ಕಷ್ಟಸುಖಗಳನ್ನು ಕೇಳಿದ ಮೇಲೆ ಗಾಯಕರ ಶ್ರುತಿ ಜಾರಿತೆಂದು ಬರೆಯಲು ಕೈ ಹಿಂಜರಿಯುತ್ತದೆ. ಸಂದರ್ಶನವನ್ನೂ ವಿಮರ್ಶೆಯನ್ನೂ ಬೇರೆ ಬೇರೆ ಬರಹಗಳಾಗಿಯೇ ಇಡಿ. ಪಾಸ್ ಪಡೆಯುವುದರಲ್ಲಿ ತಪ್ಪಿಲ್ಲ, ಅದು ಕೆಲಸದ ಸ್ಥಳಕ್ಕೆ ಪ್ರವೇಶ ಮಾತ್ರ. ಆದರೆ ಪ್ರಯಾಣದ ಖರ್ಚೆಂದು ಕವರ್ ಕೊಡಲು ಬಂದರೆ ಅದೇ ಕ್ಷಣದಲ್ಲಿ, ಎಲ್ಲರಿಗೂ ಕೇಳುವಂತೆ, ವಿನಯದಿಂದ ಬೇಡವೆನ್ನಿ. ಊಟದ ವಿಷಯದಲ್ಲಿ ನಮ್ಮ ಊರುಗಳ ಮರ್ಯಾದೆಯೇ ಬೇರೆ. ಜಾತ್ರೆಯಲ್ಲಿ ಎಲ್ಲರೊಂದಿಗೆ ಎಲೆ ಹಾಕಿದಾಗ ಎದ್ದು ಹೋಗುವುದು ಸಲ್ಲದು.

ಬೆಂಗಳೂರಿನ ಬ್ಯಾಂಡ್‌ಗಳಿಗೆ ಸಾಮಾನ್ಯವಾಗಿ ವ್ಯವಸ್ಥಾಪಕರಿರುತ್ತಾರೆ. ಅವರಿಗೆ ಒಂದು ವಾರ ಮುಂಚಿತವಾಗಿ ಚಿಕ್ಕ ಇಮೇಲ್ ಬರೆದು, ನೀವು ಯಾರಿಗಾಗಿ ಬರೆಯುತ್ತಿದ್ದೀರಿ, ಎಷ್ಟು ಸಮಯ ಬೇಕು, ಯಾವುದರ ಬಗ್ಗೆ ಕೇಳುವಿರಿ ಎಂಬುದನ್ನು ತಿಳಿಸಿ, ನೀವು ಬರೆದ ಒಂದು ವರದಿಯನ್ನು ಜೊತೆಗೆ ಕಳುಹಿಸಿ. ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ. ದೊಡ್ಡ ಪ್ರದರ್ಶನಗಳಲ್ಲಿ ಛಾಯಾಗ್ರಾಹಕರಿಗೆ ಮೊದಲ ಮೂರು ಹಾಡುಗಳವರೆಗೆ ಮಾತ್ರ, ಫ್ಲ್ಯಾಶ್ ಇಲ್ಲದೆ, ವೇದಿಕೆಯ ಮುಂದೆ ನಿಲ್ಲಲು ಬಿಡುವುದು ರೂಢಿ. ನೀವೇ ಚಿತ್ರ ತೆಗೆಯುವುದಾದರೆ ಇದು ತಿಳಿದಿರಲಿ. ಸಂದರ್ಶನದಲ್ಲಿ ಸ್ಫೂರ್ತಿ ಯಾರೆಂದು ಕೇಳಿದರೆ ಅವರು ನೂರು ಸಲ ಕೊಟ್ಟ ಉತ್ತರವನ್ನೇ ಕೊಡುತ್ತಾರೆ. ಎರಡನೆಯ ಹಾಡಿನಲ್ಲಿ ಡ್ರಮ್ಸ್ ಏಕೆ ನಿಂತಿತು ಎಂದು ಕೇಳಿದರೆ, ನೀವು ಕೇಳಿಸಿಕೊಂಡಿದ್ದೀರಿ ಎಂದು ಗೊತ್ತಾಗಿ ಅವರೂ ಮನಸ್ಸು ಬಿಚ್ಚಿ ಮಾತನಾಡುತ್ತಾರೆ.

ತುಮಕೂರಿನಿಂದ ಬಂದವರೆಂದು ಹಿಂಜರಿಯಬೇಡಿ. ರಘು ದೀಕ್ಷಿತ್ ಅವರ ತಂಡವು ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರ್, ಪಿಟೀಲು, ಡ್ರಮ್ಸ್‌ಗಳೊಂದಿಗೆ ಹಾಡಿದಾಗ ಸಾವಿರಾರು ಯುವಕರು ಕುಣಿದರು. ಆದರೆ ತತ್ವಪದವನ್ನು ಏಕತಾರಿ, ದಮ್ಮಡಿಗಳೊಂದಿಗೆ ಬೆಳಗಿನ ಜಾವದವರೆಗೆ ಹಾಡುವುದನ್ನು ಕೇಳಿ ಬೆಳೆದವರು ಮಾತ್ರವೇ, ಬ್ಯಾಂಡಿನ ಕೈಯಲ್ಲಿ ಆ ಪದಕ್ಕೆ ಏನು ದಕ್ಕಿತು, ಏನು ಕೈತಪ್ಪಿತು ಎಂದು ಹೇಳಬಲ್ಲರು. ಇಂತಹ ವಿಮರ್ಶೆ ಇಂಗ್ಲಿಷ್ ಪತ್ರಿಕೆಗಳಲ್ಲಿ ನನಗೆ ಹೆಚ್ಚಾಗಿ ಕಂಡಿಲ್ಲ.

ಕಿವಿಯ ರಕ್ಷಣೆಯ ಬಗ್ಗೆ ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ಇಲ್ಲಿಯೇ ಹೇಳುತ್ತೇನೆ. 85 ಡೆಸಿಬಲ್ ಸದ್ದಿನಲ್ಲಿ 8 ಗಂಟೆಗಳವರೆಗೆ ಇರಬಹುದೆಂದು ತಜ್ಞರು ಲೆಕ್ಕ ಹಾಕುತ್ತಾರೆ. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬಲ್‌ಗೆ ಆ ಅವಧಿ ಅರ್ಧದಷ್ಟಾಗುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ ಮಾತ್ರ. ರಾಕ್ ಪ್ರದರ್ಶನಗಳಲ್ಲಿ ಸದ್ದು ಅಷ್ಟು ಏರುವುದು ಅಪರೂಪವೇನಲ್ಲ. ಇಯರ್‌ಪ್ಲಗ್ ಇಲ್ಲದೆ ಹೋಗಬೇಡಿ. ಹಿಂದಿರುಗುವ ಬಗ್ಗೆ ಹೇಳುವುದಾದರೆ, 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲವಾದ್ದರಿಂದ ಬಯಲು ಪ್ರದರ್ಶನಗಳು ಬಹುಮಟ್ಟಿಗೆ ಅಷ್ಟರಲ್ಲಿ ಮುಗಿಯುತ್ತವೆ. ಶಿವಮೊಗ್ಗ, ದಾವಣಗೆರೆಗಳ ಕಡೆಗೆ ಹೋಗುವ ರಾತ್ರಿ ಬಸ್ಸುಗಳು ನಿಮಗೆ ಸಿಗುತ್ತವೆ. ತುಮಕೂರಿನ ನಿಲ್ದಾಣಕ್ಕೆ ಹೋಗುತ್ತದೆಯೇ, ಬೈಪಾಸಿನಲ್ಲಿ ಇಳಿಸುತ್ತದೆಯೇ ಎಂದು ಕಂಡಕ್ಟರನ್ನು ಹತ್ತುವ ಮೊದಲೇ ಕೇಳಿ.

ಪ್ರಶ್ನೆ ಕೇಳಿದವರು:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಸಲದ ಗುರುಪೂರ್ಣಿಮೆಗೆ ಕೈವಾರಕ್ಕೆ ಹೋಗುವುದೆಂದು ತೀರ್ಮಾನಿಸಿದ್ದೇನೆ. ಕೋಲಾರದ ಸರ್ ಅವರಲ್ಲಿ ಇನ್ನೊಂದು ಪ್ರಶ್ನೆ: ನಾನು ಎಲ್ಲ ವಾದಕರ ಹೆಸರುಗಳನ್ನೂ ಬರೆದುಕೊಟ್ಟರೂ ಜಾಗವಿಲ್ಲವೆಂದು ವರದಿಗಳನ್ನು ತಿದ್ದುವ ಡೆಸ್ಕಿನಲ್ಲಿ ತೆಗೆದುಬಿಟ್ಟರೆ ಏನು ಮಾಡಲಿ? ಗಣ್ಯರ ಹೆಸರು ಬಿಟ್ಟರೆ ಆಯೋಜಕರು ಸಂಪಾದಕರಿಗೇ ಫೋನ್ ಮಾಡುತ್ತಾರೆ.

ಉತ್ತರ 1ರವರು:

ಜಾಗ ಸಾಲದಾದಾಗ ಡೆಸ್ಕಿನವರು ಸಾಮಾನ್ಯವಾಗಿ ಕೆಳಗಿನಿಂದ ಕತ್ತರಿಸುತ್ತಾರೆ. ಆದ್ದರಿಂದ ವಾದಕರ ಹೆಸರುಗಳನ್ನು ಕೊನೆಯಲ್ಲಿ ಪಟ್ಟಿಯಾಗಿ ಕೊಡದೆ, ಮೊದಲ ಎರಡು ವಾಕ್ಯಗಳಲ್ಲಿಯೇ ಅವರು ನುಡಿಸಿದ್ದರೊಂದಿಗೆ ಹೆಣೆದುಬಿಡಿ. ಪ್ಯಾಡ್ ನುಡಿಸಿದ ಇಂಥವರು ಅರೆಯ ಪೆಟ್ಟನ್ನು ತಂದಾಗ ಸಭೆ ಎದ್ದು ನಿಂತಿತು ಎಂದು ಬರೆದರೆ, ಹೆಸರು ತೆಗೆದರೆ ವಾಕ್ಯವೇ ಬೀಳುತ್ತದೆ. ಗಣ್ಯರ ಹೆಸರುಗಳಿಗೆ ಚಿತ್ರದ ಅಡಿಬರಹವೇ ತಕ್ಕ ಸ್ಥಳ. ದೀಪ ಬೆಳಗುವ ಚಿತ್ರವನ್ನು ಕಳುಹಿಸಿ, ಅದರ ಕೆಳಗೆ ಎಲ್ಲರ ಹೆಸರನ್ನೂ ಹುದ್ದೆಯನ್ನೂ ತಪ್ಪಿಲ್ಲದೆ ಬರೆದುಕೊಡಿ, ಆಯೋಜಕರು ಮೊದಲು ನೋಡುವುದೂ ಅದನ್ನೇ. ವಾದಕರ ಚಿತ್ರವನ್ನೂ ಜೊತೆಗಿಟ್ಟು ಕಳುಹಿಸುವುದನ್ನು ಮರೆಯಬೇಡಿ. ಜಿಲ್ಲಾ ಪುಟದಲ್ಲಿ ಬಾರದಿದ್ದರೆ ಭಾನುವಾರದ ಪುರವಣಿಯವರಿಗೆ ಅದೇ ಚಿತ್ರದೊಂದಿಗೆ ವಿಸ್ತಾರವಾದ ಬರಹವನ್ನು ಕೊಡಬಹುದು.