ಟ್ರೌಟ್ ಕಣ್ಣೆದುರೇ ಓಡಾಡುತ್ತದೆ, ಫ್ಲೈ ಮಾತ್ರ ಕಚ್ಚುವುದಿಲ್ಲ

ತುಂಗಾತೀರ:
ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಹೊಳೆಯಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕುತ್ತಾ ಬೆಳೆದವನು. ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಫ್ಲೈ ಫಿಶಿಂಗ್ (ಎರೆಹುಳದ ಬದಲು ಗರಿ, ದಾರದಲ್ಲಿ ಕಟ್ಟಿದ ನಕಲಿ ಹುಳ, ಅಂದರೆ ಫ್ಲೈ ಎಸೆದು ಮೀನು ಹಿಡಿಯುವುದು) ಶುರುಮಾಡಿ ಇದು ಎರಡನೇ ಬೇಸಿಗೆ. ಹೋದ ವಾರ ಪೂರ್ವ ಸಿಯೆರಾ ಪರ್ವತಗಳಲ್ಲಿರುವ ಲಿಟಲ್ ಲೇಕ್ಸ್ ವ್ಯಾಲಿ ಕಣಿವೆಗೆ ಹೋಗಿದ್ದೆ. ನಡಿಗೆ ಶುರುವಾಗುವ ಮಸ್ಕಿಟೋ ಫ್ಲ್ಯಾಟ್‌ನಲ್ಲಿ ಕಾರು ನಿಲ್ಲಿಸುವ ಹೊತ್ತಿಗೇ 10,000 ಅಡಿ ಎತ್ತರ ದಾಟಿರುತ್ತದೆ. ಅಲ್ಲಿನ ಲಾಂಗ್ ಲೇಕ್ ಕೆರೆಯ ನೀರು ಎಷ್ಟು ತಿಳಿ ಅಂದರೆ ಬ್ರೂಕ್ ಟ್ರೌಟ್ (ಟ್ರೌಟ್ ಮೀನಿನ ಒಂದು ಜಾತಿ) ರೆಕ್ಕೆಯ ಬಿಳಿ ಅಂಚೂ ಕಾಣುತ್ತದೆ. 9 ಅಡಿಯ 5 ವೆಯ್ಟ್ ರಾಡ್ (ಮಧ್ಯಮ ಬಲದ ಗಾಳದ ಕೋಲು), ತುದಿಗೆ ನೀರ ಮೇಲೆ ತೇಲುವ ಪ್ಯಾರಾಶೂಟ್ ಆಡಮ್ಸ್ ಫ್ಲೈ. ಮಂಡಿವರೆಗೆ ನೀರಿಗಿಳಿದು ಕೆರೆಯ ನಡುವಿಗೆ ಎಸೆದೆ, ಎಸೆದೆ, ಮಧ್ಯಾಹ್ನ ಗಾಳಿ ಎದ್ದಮೇಲೆ ಲೈನೆಲ್ಲ ಮೈಮೇಲೇ ಬೀಳತೊಡಗಿತು. ಒಂದೂ ಸಿಗಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಹಿಮದ ಕೆರೆ:
ನೀವು ನಿಂತಿದ್ದ ಜಾಗದಲ್ಲೇ ಮೀನಿತ್ತು ಸರ್. ಹೊಳೆಯಲ್ಲಿ ಮೀನು ಒಂದು ಕಡೆ ನಿಲ್ಲುತ್ತದೆ, ಊಟ ತೇಲಿ ಬರುತ್ತದೆ. ಕೆರೆಯಲ್ಲಿ ಹಾಗಲ್ಲ, ಊಟ ಹುಡುಕಿಕೊಂಡು ಮೀನೇ ದಡದಗುಂಟ ಸುತ್ತುತ್ತದೆ. ಇನ್ನೊಂದು ಸಲ ಹೋದಾಗ ನೀರಿಗೆ ಇಳಿಯಲೇಬೇಡಿ. ದಡದಿಂದ ಹತ್ತಡಿ ಹಿಂದೆ, ನೆರಳು ನೀರಿಗೆ ಬೀಳದ ಹಾಗೆ ಕೂತು, ನೀರಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ಸುಮ್ನೆ ಹತ್ತು ನಿಮಿಷ ನೋಡಿ. ಎಷ್ಟೋ ಸಲ ಅದೇ ಮೀನು ಅದೇ ದಾರಿಯಲ್ಲಿ ಮತ್ತೆ ಬರುತ್ತದೆ. ಅದು ದೂರ ಇದ್ದಾಗಲೇ ಅದರ ದಾರಿಯಲ್ಲಿ ಫ್ಲೈ ಇಟ್ಟು ಕಾಯಬೇಕು, ತಲೆ ಮೇಲೆ ಎಸೆದರೆ ಓಡಿಹೋಗುತ್ತದೆ. ಹತ್ತಿರ ಬಂದಾಗ ಫ್ಲೈಗೆ ಒಂದೇ ಒಂದು ಸಣ್ಣ ಮಿಡಿತ ಸಾಕು. ಲೀಡರ್ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ) 12 ಅಡಿ ಇರಲಿ, ತುದಿ 5ಎಕ್ಸ್ ಅಥವಾ 6ಎಕ್ಸ್, ಅಂದರೆ ತೀರಾ ಸಣ್ಣ ಎಳೆ. ತೊರೆ ಬಂದು ಸೇರುವ ಜಾಗ, ಆಳ ತಟ್ಟನೆ ಶುರುವಾಗಿ ನೀರು ಕಡುನೀಲಿ ಆಗುವ ಅಂಚು, ಇವೆರಡನ್ನೂ ಬಿಡಬೇಡಿ.

ಗಾಳಿಪಟ:
ಮೇಲಿನದು ಬೆಳಿಗ್ಗೆಗೆ ಸರಿ. ಮಧ್ಯಾಹ್ನದ ಗಾಳಿ ಕಂಡು ಮನೆಗೆ ಹೊರಡಬೇಡಿ ಮಾತ್ರ, ನನಗೆ ಜಾಸ್ತಿ ಮೀನು ಸಿಕ್ಕಿರುವುದು ಆಗಲೇ. ಅಲೆ ಎದ್ದರೆ ಮೀನಿಗೆ ನಾವು ಕಾಣುವುದು ಕಡಿಮೆ, ಇರುವೆ, ಜೀರುಂಡೆ ಎಲ್ಲ ನೀರಿಗೆ ಬಿದ್ದು ಗಾಳಿ ಬಡಿಯುವ ದಡಕ್ಕೆ ಬಂದು ಸೇರುತ್ತವೆ. ಆ ದಡದಲ್ಲಿ ನಿಂತು, ನಡುವಿಗಲ್ಲ, ದಡದಗುಂಟ 16ನೇ ನಂಬರಿನ, ಅಂದರೆ ಸಣ್ಣ ಗಾತ್ರದ, ಕಪ್ಪು ಇರುವೆ ಫ್ಲೈ ಹಾಕಿ. ಅದಕ್ಕೂ ಬರದಿದ್ದರೆ ವೂಲಿ ಬಗ್ಗರ್ (ನೀರೊಳಗೆ ಎಳೆಯುವ, ಬಾಲವಿರುವ ಫ್ಲೈ) ಮುಳುಗಿಸಿ. ಹತ್ತು ಎಣಿಸಿ ಎಳೆಯಿರಿ, ಮುಂದಿನ ಸಲ ಹದಿನೈದು, ಆಮೇಲೆ ಇಪ್ಪತ್ತು. ಎಷ್ಟಕ್ಕೆ ಕಚ್ಚಿತೋ ಅಷ್ಟೇ ಆಳದಲ್ಲಿ ಉಳಿದವೂ ಇರುತ್ತವೆ.

ಕಪ್ಪೆಗೂಡು:
ಒಂದು ಮಾತು ಸೇರಿಸುತ್ತೇನೆ, ಇದು ನನಗೆ ಮುಖ್ಯ. ಸಿಯೆರಾದ ಮೇಲಿನ ಕೆರೆಗಳಲ್ಲಿ ಹೆಚ್ಚಿನವುಗಳಲ್ಲಿ ಮೊದಲು ಮೀನೇ ಇರಲಿಲ್ಲ. ಜನ ಹೇಸರಗತ್ತೆ ಮೇಲೆ ಹೊತ್ತು ತಂದು ಬಿಟ್ಟರು, ಆಮೇಲೆ ವಿಮಾನದಿಂದ ಸುರಿದರು. ಬ್ರೂಕ್ ಟ್ರೌಟ್ ಅಂತೂ ಅಮೆರಿಕದ ಪೂರ್ವ ಭಾಗದ್ದು. ಇಲ್ಲಿನ ಹಳದಿ ಕಾಲಿನ ಕಪ್ಪೆಯ ಮರಿಗಳು ಕಪ್ಪೆಯಾಗಲು ವರ್ಷಗಳೇ ಬೇಕು, ಅಷ್ಟರಲ್ಲಿ ಟ್ರೌಟ್ ತಿಂದುಬಿಡುತ್ತದೆ. ಹಾಗಾಗಿ ಲೈಸೆನ್ಸ್ ತೆಗೆದುಕೊಂಡು, ಮಿತಿಯೊಳಗೆ ಬ್ರೂಕ್ ಟ್ರೌಟ್ ಹಿಡಿದು ತಿನ್ನಿ, ಸಂಕೋಚ ಬೇಡ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ನೀರಿಗಿಳಿದು ಮೀನನ್ನು ನಾನೇ ಓಡಿಸಿದ್ದೇನೆ ಅಂತ ಈಗ ಗೊತ್ತಾಯಿತು. ನನ್ನ ಹತ್ತಿರ ತೇಲುವ ಲೈನ್ ಮಾತ್ರ ಇದೆ, ಎಣಿಸಿ ಮುಳುಗಿಸುವುದು ಅದರಲ್ಲಿ ಆಗುತ್ತದಾ?

ಗಾಳಿಪಟ:
ಐದಾರು ಅಡಿ ಆಳಕ್ಕೆ ಆಗುತ್ತದೆ. ಲೀಡರ್ ಉದ್ದ ಮಾಡಿ, ತಲೆಗೆ ಮಣಿ ಇರುವ ಬಗ್ಗರ್ ಕಟ್ಟಿ, ತುಂಬಾ ನಿಧಾನ ಎಳೆಯಿರಿ. ಅದಕ್ಕಿಂತ ಕೆಳಗೆ ಬೇಕಾದರೆ ಮುಳುಗುವ ಲೈನ್ ಕೊಳ್ಳಲೇಬೇಕು.